ನಾಲ್ಕೇ ವಿಮಾನದ ವಾಯುಪಡೆ ನಡೆಯುವುದು ಹೇಗೆ?

ಯಲಹಂಕದಲ್ಲಿ ಎರಡು ವರ್ಷಕ್ಕೊಮ್ಮೆ ಏರ್ ಶೋ ನಡೆದಾಗ ಮಾರಿಕುಪ್ಪಂ, ಬಂಗಾರಪೇಟೆ ಕಡೆಯಿಂದ ಬೆಳಗಿನ ರೈಲು ಹತ್ತಿ ಹೋಗುವ ಹುಡುಗರಿರುತ್ತಾರೆ. ವಾಯುಪಡೆ ಎಂದರೆ ಅವರ ಕಣ್ಣಿಗೆ ಕಟ್ಟುವುದು ಸುಖೋಯ್, ತೇಜಸ್ ಮತ್ತು ಎದೆ ನಡುಗಿಸುವ ಸದ್ದು. ಆದರೆ ಜಗತ್ತಿನ ಎಷ್ಟೋ ದೇಶಗಳ ಇಡೀ ವಾಯುಪಡೆಯನ್ನು ತಂದು ಯಲಹಂಕದಲ್ಲಿ ನಿಲ್ಲಿಸಿದರೆ ಅದು ಒಂದು ಮೂಲೆಗೂ ಸಾಲದು. ಸೀಶೆಲ್ಸ್‌ನ ಬಳಿ ಇರುವುದು ಬೆರಳೆಣಿಕೆಯ ವಿಮಾನಗಳು. ಮಾರಿಷಸ್‌ನಲ್ಲಿ ಸೇನೆಯೇ ಇಲ್ಲ. ಅಲ್ಲಿ ಹೆಲಿಕಾಪ್ಟರ್ ಹಾರಿಸುವುದು ಪೊಲೀಸರು. ಭೂತಾನ್ ವಾಯುಪಡೆಯ ಗೊಡವೆಗೇ ಹೋಗಿಲ್ಲ.

ಇಂಥ ಸಣ್ಣ ಪಡೆಗಳ ಬಗ್ಗೆ ಓದುವಾಗ ನಮ್ಮ ಪತ್ರಿಕೆಗಳಲ್ಲಿ ಸಿಗುವುದು ಒಂದೇ ಬಗೆಯ ಸುದ್ದಿ: ಭಾರತ ಇಂಥ ದೇಶಕ್ಕೆ ಇಷ್ಟು ವಿಮಾನ ಕೊಟ್ಟಿತು, ಮಂತ್ರಿಗಳು ರಿಬ್ಬನ್ ಕತ್ತರಿಸಿದರು. ವಿಮಾನ ಕೊಡುವುದು ಸುಲಭದ ಕೆಲಸ. ಅದನ್ನು ಐದು ವರ್ಷ ಆದ ಮೇಲೂ ಹಾರುವ ಸ್ಥಿತಿಯಲ್ಲಿ ಇಟ್ಟುಕೊಳ್ಳುವುದೇ ವಾಯುಪಡೆ. ಅದು ಹೇಗೆ ನಡೆಯುತ್ತದೆ, ಎಲ್ಲಿ ಮುಗ್ಗರಿಸುತ್ತದೆ ಎಂದು ತಿಳಿಯಲು ದೂರ ಹೋಗಬೇಕಿಲ್ಲ. ಇಂಥ ಪಡೆಗಳು ಹಾರಿಸುವ ಹಲವು ಯಂತ್ರಗಳು ಹುಟ್ಟಿದ್ದು ಬೆಂಗಳೂರಿನಲ್ಲಿ, ನಮ್ಮ ರೈಲು ನಿತ್ಯ ಹೋಗಿ ಬರುವ ದಾರಿಗೆ ಕೂಗಳತೆಯಲ್ಲಿ.

ಮೊದಲು ಸ್ವಲ್ಪ ಹಳೆಯ ಲೆಕ್ಕ. ಇಂದಿನ ಎಚ್‌ಎಎಲ್‌ನ ಮೂಲವಾದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿಯನ್ನು ಉದ್ಯಮಿ ವಾಲ್‌ಚಂದ್ ಹೀರಾಚಂದ್ 1940ರ ಡಿಸೆಂಬರ್‌ನಲ್ಲಿ ಕಟ್ಟಿದಾಗ ಅದಕ್ಕೆ ಜಾಗವನ್ನೂ 25 ಲಕ್ಷ ರೂಪಾಯಿ ಬಂಡವಾಳವನ್ನೂ ಕೊಟ್ಟದ್ದು ಮೈಸೂರು ಸಂಸ್ಥಾನ. ಆಗ ದಿವಾನರಾಗಿದ್ದವರು ಮಿರ್ಜಾ ಇಸ್ಮಾಯಿಲ್. ಸಂಸ್ಥಾನದ ಆ ಖಜಾನೆಗೆ ಕೋಲಾರದ ಚಿನ್ನದ ಗಣಿಗಳು ಕಟ್ಟುತ್ತಿದ್ದ ರಾಜಧನವೂ, ಗಣಿಗೆಂದು ಶಿವನಸಮುದ್ರದಿಂದ 1902ರಿಂದ ಹರಿದ ಕರೆಂಟಿನ ದುಡ್ಡೂ ಸೇರುತ್ತಿತ್ತು. ಹಾಗಾಗಿ ದೇಶದ ಮೊದಲ ವಿಮಾನ ಕಾರ್ಖಾನೆಯ ಪಾಯದಲ್ಲಿ ಚಾಂಪಿಯನ್ ರೀಫ್ ಗಣಿಯ ಬೆವರಿನ ಪಾಲೂ ಉಂಟು ಎಂದರೆ ಅತಿಶಯವಲ್ಲ. ನಮ್ಮವರು ಇದನ್ನು ಹೇಳಿಕೊಳ್ಳುವುದು ಮಾತ್ರ ಕಡಿಮೆ.

ಯುದ್ಧಕಾಲದಲ್ಲಿ ಕೋಲಾರಕ್ಕೂ ವಿಮಾನಗಳು ಬಂದವು. ಬ್ರಿಟಿಷ್ ವಾಯುಪಡೆ ಕೋಲಾರದ ಏರೋಡ್ರೋಮಿನಲ್ಲಿ ಲಿಬರೇಟರ್ ಎಂಬ ದೈತ್ಯ ಬಾಂಬರ್ ಹಾರಿಸಲು ಸಿಬ್ಬಂದಿಗೆ ತರಬೇತಿ ಕೊಡುವ ಘಟಕ ಇಟ್ಟಿತ್ತು. ನಾಲ್ಕು ಎಂಜಿನ್ನು, 33 ಮೀಟರಿಗೂ ಮಿಕ್ಕಿದ ರೆಕ್ಕೆಯಗಲ. ಆ ಘಟಕದಿಂದಲೇ 1944ರ ನವೆಂಬರ್‌ನಲ್ಲಿ 358ನೇ ಸ್ಕ್ವಾಡ್ರನ್ ಕೋಲಾರದಲ್ಲಿ ಹುಟ್ಟಿಕೊಂಡಿತು. ಯುದ್ಧ ಮುಗಿದಾಗ ಈ ಬಗೆಯ ಹತ್ತಾರು ವಿಮಾನಗಳನ್ನು ಕಾನ್ಪುರದ ಚಕೇರಿಯಲ್ಲಿ ಗುಡ್ಡೆ ಹಾಕಿದರು. ಯಾರೂ ಮತ್ತೆ ಬಳಸಬಾರದೆಂದು ಬೇಕಂತಲೇ ಅವನ್ನು ಹಾಳುಗೆಡವಿದ್ದರು. ಮೈಗೆ ತೂತು ಹೊಡೆದಿದ್ದರು, ಉಪಕರಣಗಳನ್ನು ಒಡೆದಿದ್ದರು, ಎಂಜಿನ್ನಿನೊಳಗೆ ಮರಳು ಸುರಿದಿದ್ದರು.

1948ರಲ್ಲಿ ಭಾರತದ ವಾಯುಪಡೆಯ ಸ್ಥಿತಿ ಇವತ್ತಿನ ಯಾವುದೇ ಬಡ ದೇಶದ ಪಡೆಯಂತೆಯೇ ಇತ್ತು. ಭಾರಿ ಬಾಂಬರ್ ಬೇಕು, ಕೊಳ್ಳಲು ದುಡ್ಡಿಲ್ಲ. ಎಚ್‌ಎಎಲ್ ಜನ ಚಕೇರಿಗೆ ಹೋದರು. ಒಂದರ ರೆಕ್ಕೆ, ಇನ್ನೊಂದರ ಬಾಲ, ಮತ್ತೊಂದರ ಎಂಜಿನ್ ಹೊಂದಿಸಿ, ಬೆಂಗಳೂರಿನವರೆಗೆ ಹೇಗಾದರೂ ಹಾರಿ ತಲುಪುವಷ್ಟು ರಿಪೇರಿ ಮಾಡಿದರು. ಹಾರಿಸಿ ತಂದವರು ಕಂಪನಿಯ ಪೈಲಟ್ ಜಮ್‌ಶೇಡ್ ಮುನ್ಷಿ. ಆತ ಅದಕ್ಕೆ ಮೊದಲು ಲಿಬರೇಟರ್ ಹಾರಿಸಿದವರಲ್ಲ. ಕೈಪಿಡಿ ಓದಿಕೊಂಡು ಹತ್ತಿ ಕೂತರು. ಹಾಗೆ ಬಂದ ವಿಮಾನಗಳು 40ಕ್ಕೂ ಹೆಚ್ಚು. ಬೆಂಗಳೂರಿನಲ್ಲಿ ಪೂರ್ತಿ ಬಿಚ್ಚಿ ಜೋಡಿಸಿ ಕೊಟ್ಟ ಮೇಲೆ ಅವುಗಳ ಮೇಲೆಯೇ 1948ರ ನವೆಂಬರ್‌ನಲ್ಲಿ ನಮ್ಮ 5ನೇ ಸ್ಕ್ವಾಡ್ರನ್ ನಿಂತಿತು. ಗುಜರಿಯಿಂದೆದ್ದ ಈ ವಿಮಾನಗಳು 1968ರ ತನಕ ಸೇವೆಯಲ್ಲಿದ್ದವು. ಲಂಡನ್ನಿನ ಹೆಂಡನ್ ವಾಯುಪಡೆ ಮ್ಯೂಸಿಯಮ್ಮಿನಲ್ಲಿ ಇಟ್ಟಿರುವ ಲಿಬರೇಟರ್ ಕೂಡ ಭಾರತ ಕೊಟ್ಟದ್ದೇ.

ಈ ಕತೆಯನ್ನು ವೀರಗಾಥೆಯಾಗಿ ಹೇಳುವುದು ವಾಡಿಕೆ. ನನಗೆ ಅದರಲ್ಲಿ ಮುಖ್ಯ ಅನಿಸುವುದು ಬೇರೆ. ಎಚ್‌ಎಎಲ್‌ಗೆ ಇದು ಸಾಧ್ಯವಾದದ್ದು 1943ರಿಂದ ಅಮೆರಿಕದವರು ಆ ಕಾರ್ಖಾನೆಯನ್ನು ತಮ್ಮ ರಿಪೇರಿ ಕೇಂದ್ರ ಮಾಡಿಕೊಂಡು, ನೂರಾರು ವಿಮಾನ ಬಿಚ್ಚಿ ಜೋಡಿಸುವ ಕೆಲಸವನ್ನು ಅಲ್ಲಿನ ಕಾರ್ಮಿಕರ ಕೈಗೆ ಹತ್ತಿಸಿದ್ದರಿಂದ. ಕೈ ಪಳಗಿದ್ದು ಮೊದಲು, ವಿಮಾನ ಬಂದದ್ದು ಆಮೇಲೆ. ಸಣ್ಣ ವಾಯುಪಡೆಗಳ ವಿಷಯದಲ್ಲಿ ಸಾಮಾನ್ಯವಾಗಿ ಈ ಕ್ರಮ ತಲೆಕೆಳಗಾಗುತ್ತದೆ.

ಘಾನಾದ ಉದಾಹರಣೆ ನೋಡಿ. ಬ್ರಿಟಿಷರು ಗೋಲ್ಡ್ ಕೋಸ್ಟ್ ಎಂದು ಕರೆಯುತ್ತಿದ್ದ ಈ ಆಫ್ರಿಕನ್ ದೇಶ ನಮ್ಮಂತೆಯೇ ಚಿನ್ನದ ಗಣಿಯ ನಾಡು. 1957ರ ಮಾರ್ಚ್ 6ರಂದು ಸ್ವತಂತ್ರವಾಯಿತು, 1959ರಲ್ಲಿ ವಾಯುಪಡೆ ಕಟ್ಟಲು ಹೊರಟಿತು. ಕಲಿಸಲು ಹೋದವರು ಭಾರತ ಮತ್ತು ಇಸ್ರೇಲಿನ ಅಧಿಕಾರಿಗಳು. ಘಾನಾ ವಾಯುಪಡೆಯ ಮೊದಲ ಮುಖ್ಯಸ್ಥರೇ ಒಬ್ಬ ಭಾರತೀಯ, ಏರ್ ಕಮೋಡೋರ್ ಜಸ್ವಂತ್ ಸಿಂಗ್. ಮೊದಲಿಗೆ ಕೈಗೆ ಬಂದ ವಿಮಾನಗಳಲ್ಲಿ ಬೆಂಗಳೂರಿನಲ್ಲಿ ತಯಾರಾದ 12 ಎಚ್‌ಟಿ-2 ತರಬೇತಿ ವಿಮಾನಗಳಿದ್ದವು.

ಎಚ್‌ಟಿ-2 ಭಾರತದಲ್ಲೇ ವಿನ್ಯಾಸಗೊಂಡು ಸಾಲುಸಾಲಾಗಿ ತಯಾರಾದ ಮೊದಲ ವಿಮಾನ. ಅದರ ಹಿಂದಿನ ತಲೆ ಡಾ. ವಿ.ಎಂ. ಘಾಟಗೆ ಅವರದು. ಜರ್ಮನಿಯ ಗಾಟಿಂಗೆನ್‌ನಲ್ಲಿ ಓದಿ ಬಂದವರು. ಟಾಟಾ ಇನ್‌ಸ್ಟಿಟ್ಯೂಟ್ ಎಂದು ಹಿರಿಯರು ಇನ್ನೂ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಮಾನಶಾಸ್ತ್ರದ ಪಾಠ ಆರಂಭಿಸಿದವರು. ವಿಮಾನ ಮೊದಲು ಹಾರಿದ್ದು 1951ರ ಆಗಸ್ಟ್‌ನಲ್ಲಿ, ಹಾರಿಸಿದವರು ಅದೇ ಮುನ್ಷಿ.

ಸಣ್ಣ ವಾಯುಪಡೆ ಯಾಕೆ ಇಂಥ ವಿಮಾನದಿಂದಲೇ ಶುರುಮಾಡಬೇಕು? ಎಚ್‌ಟಿ-2ರ ಮೈಯನ್ನು ಹತ್ತಿರದಿಂದ ನೋಡಿದರೆ ಗೊತ್ತಾಗುತ್ತದೆ. ಪೂರ್ತಿ ಲೋಹದ ಮೈ, ಕೆಳಗೆ ಒಂದೇ ರೆಕ್ಕೆ, ಒಂದರ ಹಿಂದೆ ಒಂದು ಎರಡು ಸೀಟು, ಎರಡೂ ಕಡೆ ಪೂರ್ತಿ ಹಿಡಿಕೆಗಳು. ಶಿಷ್ಯ ಎಡವಿದರೆ ಗುರು ತಕ್ಷಣ ಕೈಗೆ ತೆಗೆದುಕೊಳ್ಳಬಹುದು. ಎಂಜಿನ್ನಿನ ಶಕ್ತಿ ಬರೀ 155 ಅಶ್ವಶಕ್ತಿ. ಇವತ್ತಿನ ಒಂದು ದೊಡ್ಡ ಕಾರಿಗೆ ಇದಕ್ಕಿಂತ ಹೆಚ್ಚಿರುತ್ತದೆ. ಚಕ್ರಗಳು ಒಳಗೆ ಮಡಚಿಕೊಳ್ಳುವುದಿಲ್ಲ, ಹಾಗಾಗಿ ಇಳಿಯುವಾಗ ಮರೆತುಹೋಗುವ ಭಯವಿಲ್ಲ, ಕೆಡುವ ಭಾಗವೂ ಕಡಿಮೆ. ಎರಡು ಚಕ್ರ ಮುಂದೆ, ಪುಟ್ಟದೊಂದು ಬಾಲದಡಿಯಲ್ಲಿ. ನೆಲದ ಮೇಲಿದ್ದಾಗ ಮೂತಿ ಮೇಲೆದ್ದು, ಪೈಲಟ್‌ಗೆ ನೇರ ಮುಂದಿನದು ಕಾಣುವುದೇ ಇಲ್ಲ. ಟ್ಯಾಕ್ಸಿ ಮಾಡುವಾಗ ಹಾವಿನ ಹಾಗೆ ಎಡಕ್ಕೆ ಬಲಕ್ಕೆ ತಿರುಗಿಸುತ್ತ ಇಣುಕಿ ನೋಡಬೇಕು. ನೆಲಮುಟ್ಟುವಾಗ ಪೆಡಲಿನ ಮೇಲಿನ ಕಾಲು ಸ್ವಲ್ಪ ಸಡಿಲಬಿಟ್ಟರೂ ಬಾಲ ಮುಂದೆ ಬರಲು ನೋಡುತ್ತದೆ. ಕಿರಿಕಿರಿಯ ಗುಣ ನಿಜ. ಆದರೆ ಇದರಲ್ಲಿ ಪಳಗಿದವನಿಗೆ ಗಾಳಿ ಯಾವ ಕಡೆಯಿಂದ ತಳ್ಳುತ್ತಿದೆ ಎಂಬುದು ಕಾಲಡಿಯಲ್ಲೇ ತಿಳಿಯುತ್ತದೆ.

ಇನ್ನೊಂದು ಲಾಭ ಮೆಕ್ಯಾನಿಕ್‌ಗೆ. ಇಂಥ ವಿಮಾನದ ಎಂಜಿನ್ ಬಿಚ್ಚಿ, ವಾಲ್ವ್ ಸರಿಮಾಡಿ, ಮತ್ತೆ ಕೂರಿಸುವುದನ್ನು ಹೊಸ ಹುಡುಗರು ಬೇಗ ಕಲಿಯುತ್ತಾರೆ. ತಪ್ಪಿದರೆ ಆಗುವ ನಷ್ಟ ಭರಿಸಬಹುದಾದದ್ದು. ಪೈಲಟ್ಟೂ ಮೆಕ್ಯಾನಿಕ್ಕೂ ಒಟ್ಟಿಗೆ ತಯಾರಾಗುವುದು ಹೀಗೆ.

ಘಾನಾದಲ್ಲಿ ಕೆಟ್ಟದ್ದು ವಿಮಾನವಲ್ಲ, ಗುರುಗಳ ಬದಲಾವಣೆ. ಮರುವರ್ಷವೇ ತರಬೇತಿಯ ಹೊಣೆ ಬ್ರಿಟಿಷರ ಕೈಗೆ ಹೋಯಿತು, ಆಮೇಲೆ ಕೆನಡಾದವರೂ ಬಂದರು. ಎಚ್‌ಟಿ-2ರ ಜಾಗಕ್ಕೆ ಚಿಪ್‌ಮಂಕ್ ತರಬೇತಿ ವಿಮಾನ ಬಂತು, ಕೆನಡಾದ ಬೀವರ್, ಆಟರ್, ಕ್ಯಾರಿಬೂ ಸಾಗಣೆ ವಿಮಾನ ಬಂದವು, ಇಟಲಿಯ ಜೆಟ್ ಬಂತು. ಒಬ್ಬೊಬ್ಬ ಮಿತ್ರ ಒಂದೊಂದು ವಿಮಾನ ತರುತ್ತಾನೆ. ಕೈಪಿಡಿ ಬೇರೆ, ಸ್ಪ್ಯಾನರ್ ಅಳತೆ ಬೇರೆ, ಎಣ್ಣೆ ಬೇರೆ, ಬಿಡಿಭಾಗಕ್ಕೆ ಬರೆಯಬೇಕಾದ ವಿಳಾಸ ಬೇರೆ. ಇಪ್ಪತ್ತು ವಿಮಾನದ ಪಡೆಗೆ ಏಳು ಬಗೆಯ ಸ್ಟೋರು ಬೇಕಾದರೆ ಆ ಪಡೆ ಹಾರುವುದಕ್ಕಿಂತ ಕಾಯುವುದೇ ಹೆಚ್ಚು. ಹಾಗಿದ್ದೂ ಘಾನಾ ಒಂದು ಒಳ್ಳೆಯ ಕೆಲಸ ಮಾಡಿತು: ಟಕೊರಾಡಿಯಲ್ಲಿ ತನ್ನದೇ ತರಬೇತಿ ಶಾಲೆ ಉಳಿಸಿಕೊಂಡಿತು. ತನ್ನ ಪೈಲಟ್‌ಗಳನ್ನು ತಾನೇ ತಯಾರಿಸುವ ಶಕ್ತಿ ಇರುವ ಆಫ್ರಿಕನ್ ಪಡೆಗಳು ಬಹಳವಿಲ್ಲ.

ಈಗ ಲೆಕ್ಕಕ್ಕೆ ಬರೋಣ. ಒಂದು ದೇಶಕ್ಕೆ ಯಾವ ಹೊತ್ತಿನಲ್ಲಾದರೂ ಹಾರಲು ಸಿದ್ಧವಾದ ಒಂದು ವಿಮಾನ ಬೇಕು ಅನ್ನಿ. ಎಷ್ಟು ಕೊಳ್ಳಬೇಕು? ಒಂದು ಅಂದರೆ ತಪ್ಪು. ಹೆಚ್ಚುಕಡಿಮೆ ಮೂರು. ಒಂದು ಕೆಲಸದಲ್ಲಿ, ಒಂದು ಪಕ್ಕದಲ್ಲಿ ಸಿದ್ಧ, ಒಂದು ಹ್ಯಾಂಗರಿನಲ್ಲಿ ಬಿಚ್ಚಿಟ್ಟಿರುತ್ತದೆ. ಎರಡೇ ಇದ್ದರೆ ವರ್ಷದ ಕೆಲವು ವಾರ ದೇಶದ ವಾಯುಪಡೆಯೇ ಶೂನ್ಯ.

ಯಾಕೆ ಬಿಚ್ಚಬೇಕು ಎಂಬುದನ್ನು ಗಣಿಯಲ್ಲಿ ದುಡಿದವರ ಮನೆಯಲ್ಲಿ ಬಿಡಿಸಿ ಹೇಳಬೇಕಿಲ್ಲ. ಶಾಫ್ಟಿನಲ್ಲಿ ಕೇಜ್ ಇಳಿಸುವ ವೈಂಡರಿನ ಹಗ್ಗ ಕಣ್ಣಿಗೆ ಹೊಸದರಂತೆ ಕಂಡರೂ ಗಡುವು ಬಂತೆಂದರೆ ತೆಗೆಯಲೇಬೇಕಿತ್ತು, ನಡುವೆ ನಡುವೆ ತುದಿ ಕತ್ತರಿಸಿ ಪರೀಕ್ಷೆಗೆ ಕಳಿಸಬೇಕಿತ್ತು. ಮೂರು ಕಿಲೋಮೀಟರಿಗೂ ಆಳಕ್ಕೆ ಜನ ಇಳಿಯುವ ಜಾಗದಲ್ಲಿ 'ಇನ್ನೂ ಗಟ್ಟಿಯಾಗಿದೆ' ಎಂಬ ಮಾತಿಗೆ ಬೆಲೆಯಿರಲಿಲ್ಲ. ವಿಮಾನದ ಒಳಗಿನ ನೂರಾರು ಭಾಗಗಳ ಕತೆಯೂ ಇದೇ. ಕೆಲವಕ್ಕೆ ಹಾರಿದ ಗಂಟೆಗಳ ಲೆಕ್ಕ. ಕೆಲವಕ್ಕೆ ಎಷ್ಟು ಸಲ ಎಂಜಿನ್ ಚಾಲೂ ಮಾಡಿ ನಿಲ್ಲಿಸಿದರು ಎಂಬ ಲೆಕ್ಕ, ಯಾಕೆಂದರೆ ಟರ್ಬೈನಿನ ಅಲಗುಗಳಿಗೆ ಕಾಯುವುದು ಆರುವುದೇ ದೊಡ್ಡ ಪೆಟ್ಟು. ರಬ್ಬರ್ ಸೀಲು, ಹೋಸ್‌ಪೈಪು ಮುಂತಾದವಕ್ಕೆ ಕ್ಯಾಲೆಂಡರಿನ ಲೆಕ್ಕ. ವಿಮಾನ ಹಾರದೆ ನಿಂತಿದ್ದರೂ ಅವುಗಳ ಆಯುಸ್ಸು ಸವೆಯುತ್ತಲೇ ಇರುತ್ತದೆ. ದುಡ್ಡು ಉಳಿಸಲೆಂದು ವಿಮಾನವನ್ನು ಕಡಿಮೆ ಹಾರಿಸುವ ಬಡ ದೇಶಗಳು ಇಲ್ಲೇ ಏಟು ತಿನ್ನುವುದು. ನಿಂತ ವಿಮಾನವೂ ಖರ್ಚು ಕೇಳುತ್ತದೆ, ಮೇಲಾಗಿ ಪೈಲಟ್‌ನ ಕೈಯೂ ಜಡ್ಡುಗಟ್ಟುತ್ತದೆ.

ಹ್ಯಾಂಗರಿನೊಳಗಿನ ಶಿಸ್ತನ್ನು ನೋಡಿದವರಿಗೆ ಮೊದಲು ಕಣ್ಣಿಗೆ ಬೀಳುವುದು ಹಲಗೆಯೊಂದರ ಮೇಲೆ ಬರೆದ ಸ್ಪ್ಯಾನರು, ಸ್ಕ್ರೂಡ್ರೈವರುಗಳ ಆಕಾರ. ಪ್ರತಿ ಹತ್ಯಾರಿಗೂ ಅದರದೇ ನೆರಳಿನ ಗುರುತು. ಸಂಜೆ ಒಂದು ಗುರುತು ಖಾಲಿ ಕಂಡರೆ ಯಾರೂ ಮನೆಗೆ ಹೋಗುವಂತಿಲ್ಲ, ವಿಮಾನವೂ ಹಾರುವಂತಿಲ್ಲ, ಅದು ಸಿಗುವ ತನಕ. ಎಂಜಿನ್ನಿನಲ್ಲೋ ಕಂಟ್ರೋಲ್ ಕೇಬಲ್ಲಿನ ನಡುವೆಯೋ ಉಳಿದ ಒಂದು ಸ್ಪ್ಯಾನರ್ ಶತ್ರುವಿನ ಗುಂಡಿಗಿಂತ ಕೆಡುಕು. ಮಾಡಿದ ಪ್ರತಿಯೊಂದು ಕೆಲಸಕ್ಕೂ ಮಾಡಿದವನ ಸಹಿ, ನೋಡಿದವನ ಸಹಿ ಬೀಳಬೇಕು. ಬ್ರಿಟಿಷ್ ಸಂಪ್ರದಾಯದಲ್ಲಿ ಬೆಳೆದ ಪಡೆಗಳಲ್ಲಿ ಈ ದಾಖಲೆಗೆ ಫಾರಂ 700 ಎನ್ನುತ್ತಾರೆ. ಹಾರುವ ಮೊದಲು ಪೈಲಟ್ ಅದನ್ನು ಓದಿ ಸಹಿ ಹಾಕಿಯೇ ವಿಮಾನ ಹತ್ತಬೇಕು. ರನ್‌ವೇಯಲ್ಲಿ ಸಾಲಾಗಿ ನಡೆಯುತ್ತ ಕಲ್ಲು, ಮೊಳೆ, ತಂತಿಚೂರು ಆರಿಸುವುದೂ ವಾಯುಪಡೆಯ ಕೆಲಸವೇ, ಅಧಿಕಾರಿಯೂ ಬಗ್ಗಬೇಕು.

ಸರಿ, ಯಾವ ವಿಮಾನ? ಸಣ್ಣ ದೇಶಕ್ಕೆ ಶತ್ರುವಿನ ಜೆಟ್‌ಗಿಂತ ದೊಡ್ಡ ತಲೆನೋವು ಕಳ್ಳ ಮೀನುಗಾರರದು, ಮಾದಕವಸ್ತು ಸಾಗಣೆಯದು, ದ್ವೀಪದಲ್ಲಿ ಹೆರಿಗೆ ಬೇನೆ ಬಂದ ಹೆಂಗಸಿನದು. ಸೀಶೆಲ್ಸ್‌ನ ನೆಲವೆಲ್ಲ ಸೇರಿಸಿದರೆ 455 ಚದರ ಕಿ.ಮೀ. ಸುಮಾರು 4,000 ಚದರ ಕಿ.ಮೀ. ಇರುವ ನಮ್ಮ ಕೋಲಾರ ಜಿಲ್ಲೆಯೊಳಗೆ ಅಂಥ ಎಂಟು ಸೀಶೆಲ್ಸ್ ಕೂರಿಸಬಹುದು. ಆದರೆ ಅದರ ಹಕ್ಕಿನ ಕಡಲು 13 ಲಕ್ಷ ಚದರ ಕಿ.ಮೀ.ಗೂ ಮಿಕ್ಕಿದೆ. ಇದನ್ನು ಕಾಯುವುದಕ್ಕೆ ಬೇಕಾದದ್ದು ವೇಗವಲ್ಲ, ತಾಳ್ಮೆ: ಗಂಟೆಗಟ್ಟಲೆ ಕೆಳಮಟ್ಟದಲ್ಲಿ ಹಾರಬಲ್ಲ, ಚಿಕ್ಕ ರನ್‌ವೇ ಸಾಕೆನ್ನುವ, ಹೊಟ್ಟೆಯಡಿ ರಾಡಾರ್ ಇರುವ ವಿಮಾನ.

ಡಾರ್ನಿಯರ್ 228 ಅಂಥದ್ದು. ಜರ್ಮನಿಯಲ್ಲಿ 1981ರಲ್ಲಿ ಮೊದಲು ಹಾರಿದ ಈ ವಿಮಾನದ ಪರವಾನಗಿ ಪಡೆದು ಎಚ್‌ಎಎಲ್ ಕಾನ್ಪುರದಲ್ಲಿ ತಯಾರಿಸುತ್ತಿದೆ. ಎರಡು ಟರ್ಬೋಪ್ರಾಪ್ ಎಂಜಿನ್ನು, 19 ಜನಕ್ಕೆ ಜಾಗ. ಕಡಲ ಕಾವಲಿಗೆ ಹೊರಟಾಗ ಸೀಟು ತೆಗೆದು ರಾಡಾರ್ ನೋಡುವವನ ಮೇಜು ಇಡುತ್ತಾರೆ; ರೋಗಿ ಇದ್ದರೆ ಸ್ಟ್ರೆಚರ್. ಒಂದು ಸರಳ ಲೆಕ್ಕ ಹಾಕಿ ನೋಡಿ. ಗಂಟೆಗೆ 300 ಕಿ.ಮೀ. ವೇಗದಲ್ಲಿ ಐದು ಗಂಟೆ ಹಾರಿದರೆ 1,500 ಕಿ.ಮೀ. ದಾರಿ. ರಾಡಾರಿಗೆ ಎರಡೂ ಕಡೆ ಸೇರಿ 100 ಕಿ.ಮೀ. ಅಗಲ ಕಾಣುತ್ತದೆ ಎಂದಿಟ್ಟುಕೊಂಡರೂ ಒಂದು ಸಲಕ್ಕೆ ಒಂದೂವರೆ ಲಕ್ಷ ಚದರ ಕಿ.ಮೀ. ದಿನಕ್ಕೊಂದು ಸಲ ಹಾರಿದರೆ ಸೀಶೆಲ್ಸ್‌ನ ಕಡಲನ್ನೆಲ್ಲ ಒಮ್ಮೆ ಕಣ್ಣಾಡಿಸಲು ಸುಮಾರು ಒಂಬತ್ತು ದಿನ ಬೇಕು. ಅಷ್ಟರಲ್ಲಿ ಮೊದಲ ದಿನ ನೋಡಿದ ಜಾಗಕ್ಕೆ ಹೊಸ ದೋಣಿ ಬಂದಿರುತ್ತದೆ. ಭಾರತ ಸೀಶೆಲ್ಸ್‌ಗೆ 2013ರಲ್ಲಿ ಒಂದು ಡಾರ್ನಿಯರ್, 2018ರಲ್ಲಿ ಮತ್ತೊಂದು ಕೊಟ್ಟದ್ದು ಯಾಕೆಂದು ಈ ಲೆಕ್ಕವೇ ಹೇಳುತ್ತದೆ. ಎರಡನೆಯದು ಔದಾರ್ಯದ ಗುರುತು ಹೌದೋ ಅಲ್ಲವೋ, ಮೊದಲನೆಯದು ಹ್ಯಾಂಗರಿಗೆ ಹೋದಾಗ ಕಡಲು ಬಯಲಾಗದಂತೆ ಮಾಡುವ ಅಗತ್ಯವಂತೂ ಇತ್ತು.

ಕಡಲ ಮೇಲೆ ಹಾರುವ ವಿಮಾನಕ್ಕೆ ಉಪ್ಪೇ ಮೊದಲ ಶತ್ರು. ಕೆಳಮಟ್ಟದಲ್ಲಿ ಹಾರಿ ಬಂದ ವಿಮಾನದ ಮೈಗೆ, ಎಂಜಿನ್ನಿನ ಒಳಗೆ ಉಪ್ಪಿನ ಪದರ ಕೂತಿರುತ್ತದೆ. ಹಾಗೇ ಬಿಟ್ಟರೆ ರಿವೆಟ್ಟಿನ ಸುತ್ತ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಏಳುತ್ತದೆ. ಆದ್ದರಿಂದ ಇಳಿದ ಕೂಡಲೇ ಸಿಹಿನೀರಿನಲ್ಲಿ ತೊಳೆಯಬೇಕು, ಎಂಜಿನ್ನಿಗೂ ನೀರು ಹಾಯಿಸಬೇಕು. ಕುಡಿಯುವ ನೀರಿಗೇ ಕಷ್ಟವಿರುವ ದ್ವೀಪದಲ್ಲಿ ಇದು ಸಣ್ಣ ಮಾತಲ್ಲ. ಕೋಲಾರದವರಿಗೆ ನೀರಿನ ಕಷ್ಟ ಹೇಳಿಕೊಡಬೇಕಾಗಿಲ್ಲ.

ಮಾರಿಷಸ್ ಈ ದಾರಿಯಲ್ಲಿ ಎಲ್ಲರಿಗಿಂತ ಜಾಣ್ಮೆ ತೋರಿದೆ ಎಂಬುದು ನನ್ನ ಅಭಿಪ್ರಾಯ. ಪೊಲೀಸ್ ಹೆಲಿಕಾಪ್ಟರ್ ದಳವನ್ನು ಅದು 1974ರಲ್ಲೇ ಆರಂಭಿಸಿತು. ಬೆಂಗಳೂರಿನ ಚೇತಕ್, ಆಮೇಲೆ ಧ್ರುವ. ಕಡಲ ಕಾವಲಿಗೆ 1990ರಿಂದ ಡಾರ್ನಿಯರ್. ಹೆಚ್ಚಿನವು ಒಂದೇ ಅಂಗಡಿಯಿಂದ. ಜೊತೆಗೆ ಭಾರತದ ಅಧಿಕಾರಿಗಳು ಎರವಲು ಸೇವೆಯ ಮೇಲೆ ಹೋಗಿ ದಳಗಳನ್ನು ನಡೆಸಿಕೊಟ್ಟರು. ಸ್ವಾಭಿಮಾನದ ದೃಷ್ಟಿಯಿಂದ ಇದು ಚುಚ್ಚಬಹುದು, ಆದರೆ ವಿಮಾನಗಳು ಹಾರಿದವು. 2022ರಲ್ಲಿ ಮಾರಿಷಸ್ ಮತ್ತೊಂದು ಹೊಸ ಮಾದರಿಯ ಧ್ರುವ ಕೊಳ್ಳಲು ಒಪ್ಪಂದ ಮಾಡಿಕೊಂಡಿತು. ಬಳಸಿ ನೋಡಿದವನು ಮತ್ತೆ ಕೊಳ್ಳಲು ಬಂದ ಎಂದರೆ ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬೇಡ.

ಮಾಲ್ಡೀವ್ಸ್ ಅದೇ ಯಂತ್ರಗಳನ್ನು ಇಟ್ಟುಕೊಂಡೂ ಬೇರೆ ಪಾಠ ಕಲಿಯಿತು. ಸುಮಾರು 1,200 ದ್ವೀಪಗಳ ಆ ದೇಶಕ್ಕೆ ಭಾರತ ಎರಡು ಧ್ರುವ ಹೆಲಿಕಾಪ್ಟರ್, 2020ರಲ್ಲಿ ಒಂದು ಡಾರ್ನಿಯರ್ ಕೊಟ್ಟಿತ್ತು. ಹಾರಿಸುವವರು, ರಿಪೇರಿ ಮಾಡುವವರು ಭಾರತೀಯ ಸೈನಿಕರೇ. ದೂರದ ದ್ವೀಪಗಳಿಂದ ರೋಗಿಗಳನ್ನು ಹೊತ್ತು ತಂದದ್ದು ಹೆಚ್ಚಾಗಿ ಈ ಮೂರು ಯಂತ್ರಗಳ ಕೆಲಸ. 2023ರ ಚುನಾವಣೆಯಲ್ಲಿ ಈ ಸೈನಿಕರ ಇರವೇ ದೊಡ್ಡ ವಿವಾದವಾಯಿತು. ಗೆದ್ದ ಮುಯಿಝು ಸರ್ಕಾರದ ಒತ್ತಾಯದಂತೆ 2024ರ ಮೇ 10ರ ಒಳಗೆ ಎಪ್ಪತ್ತಕ್ಕೂ ಹೆಚ್ಚು ಮಂದಿ ವಾಪಸಾದರು. ಅವರ ಜಾಗಕ್ಕೆ ಎಚ್‌ಎಎಲ್‌ನ ನಾಗರಿಕ ತಂತ್ರಜ್ಞರು ಹೋದರು. ಗಡುವು ಮುಗಿದ ಮರುದಿನವೇ ಅಲ್ಲಿನ ರಕ್ಷಣಾ ಸಚಿವರು ಪತ್ರಕರ್ತರ ಮುಂದೆ ಒಪ್ಪಿಕೊಂಡರು: ಈ ವಿಮಾನಗಳನ್ನು ಹಾರಿಸಬಲ್ಲ ಪೈಲಟ್ ನಮ್ಮ ಸೇನೆಯಲ್ಲಿ ಇನ್ನೂ ಇಲ್ಲ, ತರಬೇತಿ ಪೂರ್ತಿಯಾಗಿಲ್ಲ. ಸಮವಸ್ತ್ರ ಬದಲಾಯಿತು, ಸ್ಪ್ಯಾನರ್ ಹಿಡಿದ ಕೈ ಭಾರತದ್ದೇ ಉಳಿಯಿತು. ರಾಜಕೀಯ ಏನೇ ಇರಲಿ, ಇಲ್ಲಿ ನಮ್ಮ ಕಡೆಯ ತಪ್ಪನ್ನೂ ನೋಡಬೇಕು. ವರ್ಷಗಟ್ಟಲೆ ನಾವೇ ಹಾರಿಸಿ ಕೊಟ್ಟರೆ ಅವರ ಹುಡುಗರು ಕಲಿಯುವುದು ಯಾವಾಗ?

ಧ್ರುವದ ಬಗ್ಗೆ ಎರಡು ಮಾತು, ಅದು ಬೆಂಗಳೂರಿನಲ್ಲೇ ರೂಪುಗೊಂಡ ಕೂಸು. ಮೊದಲ ಹಾರಾಟ 1992ರ ಆಗಸ್ಟ್ 20. ಎರಡು ಎಂಜಿನ್ನು, ನಾಲ್ಕು ಅಲಗಿನ ರೋಟರ್, ತುಂಬಿದಾಗ ಐದೂವರೆ ಟನ್ ತೂಕ. ರೋಟರಿನ ಅಲಗುಗಳಿಗೆ ಹಳೆಯ ಕಾಲದ ಕೀಲುಗಳಿಲ್ಲ. ಬಾಗುವ ಗುಣದ ಸಂಯೋಜಿತ ವಸ್ತುವೇ ಆ ಕೆಲಸ ಮಾಡುತ್ತದೆ. ಇದರಿಂದ ಹೆಲಿಕಾಪ್ಟರ್ ಚುರುಕಾಗಿ ತಿರುಗುತ್ತದೆ. ಆದರೆ ಪೈಲಟ್‌ನ ಕೈಯೂ ಅಷ್ಟೇ ಹದವಾಗಿರಬೇಕು. ಚೇತಕ್‌ನಂಥ ಒಂದೇ ಎಂಜಿನ್ನಿನ ಹಳೆಯ ಹೆಲಿಕಾಪ್ಟರಿನಿಂದ ನೇರ ಇದಕ್ಕೆ ಹತ್ತಿ ಕೂರುವಂತಿಲ್ಲ.

ಈಕ್ವೆಡಾರಿನ ಪ್ರಕರಣ ಎಚ್‌ಎಎಲ್ ಮರೆಯಲು ಬಯಸುವ ಅಧ್ಯಾಯ. ದಕ್ಷಿಣ ಅಮೆರಿಕದ ಈ ದೇಶ ಏಳು ಧ್ರುವಗಳನ್ನು ಸುಮಾರು 4.5 ಕೋಟಿ ಡಾಲರಿಗೆ ಕೊಂಡಿತು. ದೊಡ್ಡ ದೊಡ್ಡ ವಿದೇಶಿ ಕಂಪನಿಗಳನ್ನು ಹಿಂದೆ ಹಾಕಿ ಗೆದ್ದ ಗುತ್ತಿಗೆ ಎಂದು ಇಲ್ಲಿ ಸಂಭ್ರಮವೋ ಸಂಭ್ರಮ. 2009ರ ಅಕ್ಟೋಬರ್‌ನಲ್ಲಿ ಕೀಟೊ ನಗರದ ಸೇನಾ ಸಮಾರಂಭದಲ್ಲೇ ಒಂದು ಬಿತ್ತು. 2015ರ ಹೊತ್ತಿಗೆ ಏಳರಲ್ಲಿ ನಾಲ್ಕು ನಾಶವಾಗಿದ್ದವು. ಎಚ್‌ಎಎಲ್ ಪೈಲಟ್‌ಗಳ ತಪ್ಪಿನತ್ತ ಬೊಟ್ಟು ಮಾಡಿತು. ಈಕ್ವೆಡಾರ್ ಯಂತ್ರದ ದೋಷವನ್ನೂ ಬಿಡಿಭಾಗ ಹೊತ್ತಿಗೆ ಬಾರದ್ದನ್ನೂ ಮುಂದಿಟ್ಟಿತು. ಅದೇ ವರ್ಷ ಗುತ್ತಿಗೆ ರದ್ದಾಯಿತು. ಯಾರದೆಷ್ಟು ತಪ್ಪು ಎಂಬುದು ಬೇರೆ. ಮಾರಿಷಸ್‌ಗೆ ಒಂದು ಭಾಗ ಬೇಕಾದರೆ ಕೆಲವು ಗಂಟೆಯ ವಿಮಾನಯಾನ. ಕೀಟೊ ಭೂಮಿಯ ಆಚೆ ಮಗ್ಗುಲಲ್ಲಿದೆ. ಬಿಡಿಭಾಗದ ದಾರಿಯನ್ನು ಮೊದಲೇ ಗಟ್ಟಿಮಾಡಿಕೊಳ್ಳದೆ ಅಷ್ಟು ದೂರಕ್ಕೆ ಮಾರಲು ಹೋದದ್ದು ನನ್ನ ಮಟ್ಟಿಗೆ ಅವಸರದ ವ್ಯಾಪಾರ.

ಬಿಡಿಭಾಗ ಹೇಗೆ ಕುತ್ತಿಗೆಗೆ ಬರುತ್ತದೆ ಎಂಬುದನ್ನು ನಾವೇ 2025ರಲ್ಲಿ ಕಂಡೆವು. ಜನವರಿ 5ರಂದು ಪೋರಬಂದರಿನಲ್ಲಿ ಕೋಸ್ಟ್ ಗಾರ್ಡ್‌ನ ಧ್ರುವ ಬಿದ್ದ ಮೇಲೆ, ರೋಟರ್ ನಿಯಂತ್ರಿಸುವ ಸ್ವಾಶ್‌ಪ್ಲೇಟ್ ಎಂಬ ಭಾಗ ಮುರಿದದ್ದು ಗೊತ್ತಾಗಿ ಮುನ್ನೂರಕ್ಕೂ ಹೆಚ್ಚು ಹೆಲಿಕಾಪ್ಟರುಗಳು ತಿಂಗಳುಗಟ್ಟಲೆ ನೆಲ ಹಿಡಿದವು. ಭಾರತದ ಬಳಿ ಚೇತಕ್ ಇತ್ತು, ಮಿ-17 ಇತ್ತು, ಹೇಗೋ ನಡೆಯಿತು. ಇರುವ ಎರಡೇ ಹೆಲಿಕಾಪ್ಟರ್ ಒಂದೇ ಬಗೆಯವಾದ ದೇಶಕ್ಕೆ ಇಂಥದ್ದು ಬಂದರೆ ಆ ಪಡೆ ಪೂರ್ತಿ ಮುಚ್ಚಿದ ಹಾಗೆ. ಒಂದೇ ಬಗೆಯ ವಿಮಾನ ಕೊಂಡರೆ ಸ್ಟೋರು ಅಗ್ಗ, ಅಪಾಯ ದೊಡ್ಡದು. ಹಲವು ಬಗೆ ಕೊಂಡರೆ ಅಪಾಯ ಹಂಚಿಹೋಗುತ್ತದೆ, ಸ್ಟೋರು ದಿವಾಳಿ ಎಬ್ಬಿಸುತ್ತದೆ. ಸಣ್ಣ ಪಡೆಯ ಮುಖ್ಯಸ್ಥ ಜೀವಮಾನವೆಲ್ಲ ಈ ಇಕ್ಕಟ್ಟಿನಲ್ಲೇ ಕಳೆಯುತ್ತಾನೆ. ಹೆಚ್ಚಿನವರು ಒಂದು ಬಗೆಯ ಸಾಗಣೆ ವಿಮಾನ, ಒಂದು ಬಗೆಯ ಹೆಲಿಕಾಪ್ಟರ್ ಎಂದು ಗೆರೆ ಎಳೆದುಕೊಳ್ಳುತ್ತಾರೆ.

ನೆಲದ ಮೇಲಿನ ಸಾಮಾನು ಯಾವ ಫೋಟೋದಲ್ಲೂ ಕಾಣುವುದಿಲ್ಲ. ವಿಮಾನ ಸಾಮಾನ್ಯವಾಗಿ ತಾನಾಗಿ ಹಿಂದಕ್ಕೆ ಸರಿಯುವುದಿಲ್ಲ; ಹ್ಯಾಂಗರಿನಿಂದ ಎಳೆಯಲು ಟ್ರ್ಯಾಕ್ಟರ್ ಬೇಕು. ಎಂಜಿನ್ ಚಾಲೂ ಮಾಡಲು ಗಾಡಿಯ ಮೇಲಿನ ಜನರೇಟರ್, ಎಣ್ಣೆಯ ಟ್ಯಾಂಕರ್, ನೀರು ಸೇರದ ಹಾಗೆ ಎಣ್ಣೆ ಸೋಸುವ ಫಿಲ್ಟರ್, ಬೆಂಕಿ ಆರಿಸುವ ಗಾಡಿ, ರೆಕ್ಕೆ ಎತ್ತಿ ನಿಲ್ಲಿಸುವ ಜ್ಯಾಕು. ಬೆಂಕಿಯ ಗಾಡಿ ಕೆಟ್ಟು ನಿಂತ ದಿನ ನಿಯಮದ ಪ್ರಕಾರ ವಿಮಾನವೂ ಹಾರುವಂತಿಲ್ಲ. ಇಲ್ಲಿ ನಮ್ಮ ಗಣಿಯ ಊರು ಕೆಜಿಎಫ್ ಮತ್ತೆ ಕತೆಯೊಳಗೆ ಬರುತ್ತದೆ. ಎಚ್‌ಎಎಲ್‌ನ ರೈಲ್ವೆ ಬೋಗಿ ವಿಭಾಗವನ್ನು ಬೇರ್ಪಡಿಸಿ 1964ರಲ್ಲಿ ಕಟ್ಟಿದ ಕಂಪನಿಯೇ ಬೆಮೆಲ್. ಅದರ ಬುಲ್ಡೋಜರು, ಎಕ್ಸ್‌ಕವೇಟರುಗಳ ದೊಡ್ಡ ಕಾರ್ಖಾನೆ ಕೆಜಿಎಫ್‌ನಲ್ಲಿದೆ. ವಿಮಾನ ಎಳೆಯುವ ಟ್ರ್ಯಾಕ್ಟರ್ ಕೂಡ ಬೆಮೆಲ್ ತಯಾರಿಕೆಗಳ ಪಟ್ಟಿಯಲ್ಲಿದೆ. ಗುಡ್ಡ ತಗ್ಗಿಸಿ ರನ್‌ವೇ ಮಟ್ಟ ಮಾಡುವುದಕ್ಕೆ ಬೇಕಾಗುವುದು ಬುಲ್ಡೋಜರೇ. 2001ರ ಫೆಬ್ರವರಿಯಲ್ಲಿ ಗಣಿ ಮುಚ್ಚಿದಾಗ ಊರಿಗೆ ಊರೇ ಬೆಂಗಳೂರಿನ ರೈಲಿಗೆ ಬಿತ್ತು. ಗಣಿಯಿಂದ ಬಿದ್ದ ಹೊಯ್ಗೆಯ ಗುಡ್ಡಗಳ ನಡುವೆ ಫಿಟ್ಟರ್, ವೆಲ್ಡರ್ ಕೆಲಸ ಕಲಿತ ಕುಟುಂಬಗಳು ಇನ್ನೂ ಇರುವಾಗ ಈ ಬಗೆಯ ನೆಲದ ಸಾಮಾನಿನ ತಯಾರಿಕೆಯನ್ನು ಇಲ್ಲೇ ಬೆಳೆಸಬಹುದಿತ್ತು ಎಂಬ ನನ್ನ ಅಸಮಾಧಾನವನ್ನು ಇಲ್ಲಿ ಸುಮ್ಮನೆ ಹೇಳಿಬಿಡುತ್ತೇನೆ.

ದುಡ್ಡಿನ ವಿಷಯ ಬಾಕಿ ಇದೆ. ಸಣ್ಣ ದೇಶಕ್ಕೆ ವಿಮಾನ ಬರುವುದು ಮೂರು ದಾರಿಯಲ್ಲಿ: ಕೊಡುಗೆ, ಸಾಲ, ನಗದು. ಮಾಲ್ಡೀವ್ಸ್, ಸೀಶೆಲ್ಸ್‌ಗೆ ಹೆಚ್ಚಿನವು ಕೊಡುಗೆ. ಕೊಡುಗೆಗೆ ಬೆಲೆ ಇಲ್ಲ ನಿಜ, ಆದರೆ ಯಾವುದು ಬೇಕೆಂದು ಆರಿಸುವ ಹಕ್ಕೂ ಇಲ್ಲ. ಸಾಲದ ದಾರಿಗೆ ಗಯಾನಾ ಹೊಸ ಉದಾಹರಣೆ. ಕರ್ನಾಟಕಕ್ಕಿಂತ ಸ್ವಲ್ಪ ದೊಡ್ಡ ನೆಲ, ಬಹುಪಾಲು ಕಾಡು, ಜನಸಂಖ್ಯೆ ಮಾತ್ರ ಸುಮಾರು ಎಂಟು ಲಕ್ಷ. ರಸ್ತೆಯಿಲ್ಲದ ಒಳನಾಡಿಗೆ ಅಕ್ಕಿಯೂ ಔಷಧಿಯೂ ವಿಮಾನದಲ್ಲೇ ಹೋಗಬೇಕಾದ ಹಳ್ಳಿಗಳಿವೆ. ಪಕ್ಕದ ವೆನೆಜುವೆಲಾ ಎಸೆಕ್ವಿಬೊ ಪ್ರದೇಶ ತನ್ನದೆಂದು 2023ರ ಕೊನೆಯಲ್ಲಿ ಜನಮತ ನಡೆಸಿದ ಮೇಲೆ ಗಡಿಯ ಕಾವಲೂ ಬೇಕಾಯಿತು. ಭಾರತದ ಎಕ್ಸಿಮ್ ಬ್ಯಾಂಕಿನ ಸುಮಾರು 2.3 ಕೋಟಿ ಡಾಲರ್ ಸಾಲದಲ್ಲಿ ಗಯಾನಾ ಎರಡು ಡಾರ್ನಿಯರ್ ತೆಗೆದುಕೊಂಡಿತು. 2024ರ ಮಾರ್ಚ್ ಕೊನೆಯಲ್ಲಿ ನಮ್ಮ ವಾಯುಪಡೆಯ ಸಿ-17 ವಿಮಾನಗಳ ಹೊಟ್ಟೆಯಲ್ಲಿ ಅವು ಅಲ್ಲಿಗೆ ತಲುಪಿದವು. ಪಕ್ಕದ ಸುರಿನಾಮ್ 2015ರಲ್ಲಿ ಮೂರು ಚೇತಕ್ ತರಿಸಿಕೊಂಡಿತ್ತು.

ಇಂಥ ಒಪ್ಪಂದದ ಸುದ್ದಿ ಓದುವಾಗ ಬೆಲೆಯ ಅಂಕಿಗಿಂತ ಅದರ ಕೆಳಗಿನ ಸಾಲುಗಳನ್ನು ಹುಡುಕಬೇಕು. ಎಷ್ಟು ವರ್ಷದ ಬಿಡಿಭಾಗ ಜೊತೆಗೆ ಬರುತ್ತಿದೆ? ಎಷ್ಟು ಪೈಲಟ್, ಎಷ್ಟು ತಂತ್ರಜ್ಞರಿಗೆ ತರಬೇತಿ? ಎಂಜಿನ್ ಓವರ್‌ಹಾಲ್ ಮಾಡಬೇಕಾದಾಗ ಎಲ್ಲಿಗೆ ಕಳಿಸಬೇಕು, ಅದು ವಾಪಸಾಗುವ ತನಕ ಹಾಕಿಕೊಳ್ಳಲು ಬದಲಿ ಎಂಜಿನ್ ಇದೆಯೇ? ಡಾರ್ನಿಯರಿನ ಎಂಜಿನ್ನಿಗೆ ಬೆಂಗಳೂರಿನ ಎಚ್‌ಎಎಲ್ ಎಂಜಿನ್ ವಿಭಾಗದಲ್ಲೇ ಆ ಸೌಕರ್ಯವಿದೆ. ಎಂಜಿನ್ ದೂರದಿಂದ ಇಲ್ಲಿಗೆ ಬಂದು, ಬಿಚ್ಚಿ, ಪರೀಕ್ಷಾ ಮಂಚದ ಮೇಲೆ ಓಡಿಸಿ, ಹಿಂದಿರುಗುವುದಕ್ಕೆ ತಿಂಗಳುಗಳೇ ಬೇಕು. ಅಷ್ಟೂ ದಿನ ಎರಡು ವಿಮಾನದ ದೇಶಕ್ಕೆ ಒಂದೇ ವಿಮಾನ. 2023ರ ಫೆಬ್ರವರಿಯಲ್ಲಿ ತುಮಕೂರು ಜಿಲ್ಲೆ ಗುಬ್ಬಿ ತಾಲ್ಲೂಕಿನಲ್ಲಿ ಉದ್ಘಾಟನೆಯಾದ ಎಚ್‌ಎಎಲ್‌ನ ಹೊಸ ಹೆಲಿಕಾಪ್ಟರ್ ಕಾರ್ಖಾನೆಯ ಬಗ್ಗೆ ನಾನು ಕೇಳುವ ಪ್ರಶ್ನೆಯೂ ಇದೇ: ವರ್ಷಕ್ಕೆ ಎಷ್ಟು ಹೆಲಿಕಾಪ್ಟರ್ ಹೊರಬರುತ್ತವೆ ಎಂಬುದಲ್ಲ, ಹೊರದೇಶದ ಗಿರಾಕಿಗೆಂದು ಎಷ್ಟು ಗೇರ್‌ಬಾಕ್ಸು, ಎಷ್ಟು ರೋಟರ್ ಅಲಗು ಕಪಾಟಿನಲ್ಲಿ ಹೆಚ್ಚುವರಿಯಾಗಿ ಇಟ್ಟಿರುತ್ತಾರೆ ಎಂಬುದು.